ಗಣರಾಜ್ಯ ಭಾನುವಾರದ ಆರಾಧನಾ ಕ್ರಮ

ಜನವರಿ 1, 2025, ಬುಧವಾರ. ನಾಸಿಕ್ ರೋಡ್

ಇಂದಿನಿಂದ ಜನವರಿ ಇಪ್ಪತ್ತಾರರವರೆಗೆ ಈ ಪುಸ್ತಕದಲ್ಲಿ ಒಂದೇ ವಿಷಯವನ್ನು ದಾಖಲಿಸುತ್ತೇನೆ. ಈ ವರ್ಷ ಗಣರಾಜ್ಯೋತ್ಸವ ಭಾನುವಾರವೇ ಬಂದಿದೆ. ಆ ದಿನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ನಡೆಯಬೇಕಾದ ವಿಶೇಷ ಆರಾಧನೆಯ ಕ್ರಮವನ್ನು ನಾನು ಹೇಗೆ ರಚಿಸಿದೆ ಎಂಬುದೇ ಆ ವಿಷಯ. ಬೇರೆ ಯಾವುದಕ್ಕೂ ಇಲ್ಲಿ ಸ್ಥಳವಿಲ್ಲ. ಮುಂದೆ ಇದು ನನ್ನ ಎಂ.ಎ. ಪ್ರಬಂಧಕ್ಕೆ ಆಕರವಾಗಲಿದೆ.

ಹೊಸವರ್ಷದ ಆರಾಧನೆ ಮುಗಿದ ಮೇಲೆ ಹಿರಿಯರ ಮಂಡಳಿ ಕೂಡಿ ಈ ಕೆಲಸವನ್ನು ನನಗೆ ಒಪ್ಪಿಸಿತು. ಅಪ್ಪ ಸಭೆಯ ಕಾರ್ಯದರ್ಶಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಳೆದ ಎರಡು ಸೆಮಿಸ್ಟರಿನಲ್ಲೂ ರಾಜ್ಯಶಾಸ್ತ್ರದಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲಿಗಳು ನಾನು. ಬೆಟಗೇರಿಯಿಂದ ಇಲ್ಲಿಗೆ ಬಂದ ಅಜ್ಜ ಕೂರಿಸಿಕೊಂಡು ಕಲಿಸಿದ್ದರಿಂದ ಸಭೆಯ ಯುವಜನರಲ್ಲಿ ಕನ್ನಡವನ್ನು ತಪ್ಪಿಲ್ಲದೆ ಬರೆಯಬಲ್ಲವಳೂ ನಾನೊಬ್ಬಳೇ. ಉಳಿದವರು ಕನ್ನಡ ಸ್ತುತಿಗೀತೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗೀಚಿಕೊಂಡು ಹಾಡುತ್ತಾರೆ.

ಮಂಡಳಿಯ ಮಾತಿನ ನಡುವೆ ಉತ್ಕರ್ಷಭಾವು ಕೇಕ್ ಹಿಡಿದುಕೊಂಡು ಬಂದರು. ನಮ್ಮ ವಾರ್ಡಿನಿಂದ ಚುನಾವಣೆಗೆ ನಿಲ್ಲಲು ಮೂರು ವರ್ಷದಿಂದ ಸಿದ್ಧರಾಗಿರುವವರು. ಚುನಾವಣೆ ಇನ್ನೂ ಘೋಷಣೆಯಾಗಿಲ್ಲ. ಅವರ ಬ್ಯಾನರುಗಳು ಎರಡು ಸಲ ಬಿಸಿಲಿಗೆ ಮಾಸಿ ಬದಲಾಗಿವೆ. ಅವರು ಮರಾಠಿಯಲ್ಲಿ ಅಪ್ಪನಿಗೆ ಹೇಳಿದ್ದನ್ನು ಕನ್ನಡಕ್ಕೆ ತಂದು ಬರೆಯುತ್ತೇನೆ.

"ಕಾಕಾ, ನೀವೆಲ್ಲ ಒಳ್ಳೆಯ ಜನ, ನನಗೆ ಗೊತ್ತು. ಆದರೆ ಒಳಗೆ ಏನು ನಡೆಯುತ್ತದೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ ನೋಡಿ. ತಿಳಿಯದಿದ್ದರೆ ಬಾಯಿಗೆ ಬಂದದ್ದು ಆಡುತ್ತಾರೆ."

ಹಿರಿಯರೆಲ್ಲ ಕೇಕಿನ ತಟ್ಟೆ ನೋಡುತ್ತ ಕುಳಿತರು. ನಾನು ಹೇಳಿದೆ: "ಇಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಭಾವು. ವಾರವಾರ ಏನೇನು ನಡೆಯುತ್ತದೆ, ಎಲ್ಲಿ ನಡೆಯುತ್ತದೆ, ಎಲ್ಲವನ್ನೂ ನಿಮಗೆ ಕಳಿಸುತ್ತೇನೆ."

"ಕಾಕಾ, ಹುಡುಗಿ ಭಾರಿ ಹುಷಾರು!" ಎಂದರು. ಇಪ್ಪತ್ತಾರರಂದು ಮುಖ್ಯ ಅತಿಥಿಯಾಗಿ ಬರಲು ಒಪ್ಪಿದರು. ನಮ್ಮ ಸ್ಮಶಾನದ ಗೋಡೆ ಎರಡು ಮಳೆಗಾಲದ ಹಿಂದೆ ಕುಸಿದಿದೆ. ಕಟ್ಟಲು ಅನುಮತಿ ಸಿಕ್ಕಿಲ್ಲ. ಗೋರಿಗಳ ನಡುವೆ ಮೋಟರ್ ಸೈಕಲ್ಲುಗಳು ಓಡಾಡುತ್ತವೆ. ಫೆಬ್ರವರಿಯೊಳಗೆ ಅನುಮತಿ ಕೊಡಿಸುವುದಾಗಿ ಮಾತು ಕೊಟ್ಟರು.

ಜನವರಿ 4, ಶನಿವಾರ. ನಾಸಿಕ್ ರೋಡ್

ಸಭಾಪತ್ರಿಕೆಗೆ ಹೊಸ ರೂಪ ಕೊಟ್ಟೆ. ಇದುವರೆಗೆ ಅದು ಅಪ್ಪ ಸರಕಾರಿ ಪ್ರೆಸ್ಸಿನ ಕೆಲಸ ಮುಗಿಸಿ ಬಂದು ಟೈಪು ಮಾಡುತ್ತಿದ್ದ ಅರ್ಧ ಹಾಳೆ. ಈಗ ಎರಡು ಪುಟ. ಕನ್ನಡ, ಮರಾಠಿ, ಇಂಗ್ಲಿಷ್. ಬುಧವಾರದ ಗೃಹಪ್ರಾರ್ಥನೆಯ ಸ್ಥಳಕ್ಕೆ ನಕ್ಷೆಯ ಕೊಂಡಿಯನ್ನೂ ಸೇರಿಸಿದ್ದೇನೆ.

ಬರುವ ಬುಧವಾರ ಪ್ರಾರ್ಥನೆ ಕಮಲಾಬಾಯಿಯವರ ಮನೆಯಲ್ಲಿ. ಹುಮನಾಬಾದಿನ ಕಡೆಯವರು. ಗಂಡ ತುಕಾರಾಮ ಗಾರೆ ಕೆಲಸ ಮಾಡುತ್ತಾನೆ. ದೇವಳಾಲಿ ಕ್ಯಾಂಪಿನ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ ವಾಸ. ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ವಿಳಾಸ ಹೇಳಲು ಕಮಲಾಬಾಯಿ ಮನೆಗೇ ಬಂದಿದ್ದಳು.

"ಲಿಫ್ಟ್ ಅದ ಅಲ್ರಿ, ಸಾಮಾನು ಏರಸೋದು, ಅದರ ಹಿಂದ ಎರಡನೇ ಮನಿ. ಮತ್ತ ಅಕ್ಕೋರ, ಚಾ ಇರ್ತದ ಅಂತ ಬರೀರಿ."

"ಚಹಾದ ವಿಷಯ ಪತ್ರಿಕೆಯಲ್ಲಿ ಬರೆಯುವುದಿಲ್ಲ, ಕಮಲಾಬಾಯಿ."

"ಬರೀರಿ ಅಕ್ಕೋರ. ಚಾ ಇಲ್ಲಂದುರ ಬರೇ ದೇವರಿಗಾಗಿ ನಮ್ಮ ಶೆಡ್ಡಿಗಿ ಯಾರ್ ಬರ್ತಾರ್ರಿ?"

ಪಕ್ಕದಲ್ಲಿದ್ದ ಅಪ್ಪ ನಕ್ಕುಬಿಟ್ಟರು. ನಾನು ಬರೆಯಲಿಲ್ಲ. ಅವಳು ಹೋದ ಮೇಲೆ ಅಪ್ಪ ಪುಟವನ್ನು ಓದಿ, "ರುಚಿ, ಇಷ್ಟು ಖುಲ್ಲಾ ಬರೀಬೇಕೇನವಾ? ಬರೋರಿಗೆ ಹಾದಿ ಗೊತ್ತೈತಿ" ಎಂದರು.

"ಬಾರದವರಿಗೂ ಗೊತ್ತಾಗಬೇಕು, ಅಪ್ಪಾ. ಪಾರದರ್ಶಕತೆ ಎಂದರೆ ಅದೇ."

"ನಿನ್ನ ಕೂಡ ಮಾತಾಡಿ ಗೆದ್ದೋರು ಯಾರದಾರ" ಎಂದು ಕನ್ನಡಕ ತೆಗೆದರು.

ಬೆಳಿಗ್ಗೆ ಹನ್ನೊಂದಕ್ಕೆ ಉತ್ಕರ್ಷಭಾವು ಅವರಿಗೂ ಅವರ ವಾರ್ಡಿನ ಗುಂಪಿಗೂ ಕಳಿಸಿದೆ. ಅವರಿಂದ ಎರಡು ಹೆಬ್ಬೆರಳು ಬಂದವು.

ಜನವರಿ 5, ಭಾನುವಾರ. ನಾಸಿಕ್ ರೋಡ್

ಧ್ವಜದ ಸ್ಥಾನದ ಬಗ್ಗೆ ಸಭಾಪಾಲಕ ಜಯಶೀಲ ಅಯ್ಯನವರೊಡನೆ ಚರ್ಚೆ. ಆರಾಧನೆ ನಡೆಯುವಾಗ ರಾಷ್ಟ್ರಧ್ವಜ ಒಳಗೆ, ವೇದಿಯ ಬಲಕ್ಕೆ ಇರಬೇಕೆಂದು ನನ್ನ ವಾದ. ಅಯ್ಯನವರು ಅಂಗಳದಲ್ಲಿ ಹಾರಿಸಿ, ವಂದಿಸಿ, ಆಮೇಲೆ ಒಳಗೆ ಬರೋಣ ಎನ್ನುತ್ತಾರೆ.

"ಅಜ್ಜನವರ ಆರಾಧನಾ ಪುಸ್ತಕ ನೋಡಿದ್ದೀರಾ, ಅಯ್ಯನವರೇ?" ಎಂದು ಕೇಳಿದೆ. ಅದರಲ್ಲಿ ಇಂಗ್ಲೆಂಡಿನ ರಾಜನಿಗಾಗಿ ಮಾಡುವ ಪ್ರಾರ್ಥನೆ ಅಚ್ಚಾಗಿದೆ. ರಾಜನ ಹೆಸರಿನ ಮೇಲೆ ಚೀಟಿ ಅಂಟಿಸಿ 'ನಮ್ಮ ರಾಷ್ಟ್ರಪತಿ' ಎಂದು ಅಜ್ಜ ಕೈಯಾರೆ ಬರೆದಿದ್ದಾರೆ. ದೇಶವು ನಮ್ಮ ಆರಾಧನೆಯೊಳಗೆ ಅಂದೇ ಬಂದಿದೆ. ಧ್ವಜಕ್ಕೆ ಮಾತ್ರ ಬಾಗಿಲ ಬಳಿ ತಡೆಯೇಕೆ?

ಅಯ್ಯನವರು ನಿಧಾನವಾಗಿ ಹೇಳಿದರು: "ದೇಶಕ್ಕಾಗಿ ಪ್ರಾರ್ಥನಾ ಮಾಡೋದು ಬ್ಯಾರೆ ರುಚಿತಾ, ಯಾರಿಗೋ ತೋರಸಲಿಕ್ಕೆ ದೇಶದ ಹೆಸರಾಗ ಪ್ರಾರ್ಥನಾ ಮಾಡೋದು ಬ್ಯಾರೆ."

ಉತ್ತರ ಕೊಡಬಹುದಾಗಿತ್ತು. ಅವರು ದೇವಶಾಸ್ತ್ರದಲ್ಲಿ ಎರಡನೆಯ ದರ್ಜೆಯಲ್ಲಿ ಪಾಸಾದವರು ಎಂಬುದು ನೆನಪಾಗಿ ಬಿಟ್ಟುಬಿಟ್ಟೆ. ಮಂಡಳಿ ನನ್ನ ಪರವಾಗಿ ಮತ ಹಾಕಿತು. ಧ್ವಜ ಒಳಗೆ.

ಜನವರಿ 7, ಮಂಗಳವಾರ. ಛತ್ರಪತಿ ಸಂಭಾಜಿನಗರ

ನಿನ್ನೆಯ ರೈಲಿಗೆ ಹಾಸ್ಟೆಲಿಗೆ ಮರಳಿದೆ. ನಿಷ್ಠಾ ಪ್ರತಿಜ್ಞೆಯನ್ನು ಬರೆದು ಮುಗಿಸಿದೆ: ನಾಲ್ಕು ವಾಕ್ಯ. ಸಂವಿಧಾನದ ಪ್ರಸ್ತಾವನೆಯನ್ನು ಸಭೆ ಎದ್ದು ನಿಂತು ಓದಿದ ಮೇಲೆ, ನಾನು ಪ್ರಸಂಗಪೀಠದಿಂದ ಇದನ್ನು ಒಂದೊಂದೇ ವಾಕ್ಯವಾಗಿ ಹೇಳಬೇಕು, ಸಭೆ ಪುನರುಚ್ಚರಿಸಬೇಕು. ಮೊದಲ ವಾಕ್ಯ: 'ನಾವು ಈ ನೆಲದಲ್ಲಿ ಹುಟ್ಟಿದವರು, ಈ ನೆಲಕ್ಕೆ ಸಲ್ಲುವವರು.' ಇದಕ್ಕಿಂತ ಚೆನ್ನಾಗಿ ಬರೆಯಲು ಸಾಧ್ಯವಿದೆಯೆಂದು ನನಗೆ ತೋರುವುದಿಲ್ಲ.

ನನ್ನ ಕೋಣೆಯ ಗೋದಾವರಿ ಪೈಠಣದವಳು. ನಾನು ಗಟ್ಟಿಯಾಗಿ ಓದಿಕೊಳ್ಳುವುದನ್ನು ಕೇಳಿ, ಮರಾಠಿಯಲ್ಲಿ ಅರ್ಥ ಹೇಳಿಸಿಕೊಂಡು, "ಅಗ ಟಾಪರ್, ಇದು ಪ್ರಾರ್ಥನೆಯೋ, ಪಾಸ್‌ಪೋರ್ಟ್ ಅರ್ಜಿಯೋ?" ಎಂದಳು. ಅವಳಿಗೆ ಕಳೆದ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿದಿವೆ.

ಜನವರಿ 9, ಗುರುವಾರ. ಛತ್ರಪತಿ ಸಂಭಾಜಿನಗರ

ಅಪ್ಪ ಕರೆ ಮಾಡಿದ್ದರು. ನಿನ್ನೆ ಸಂಜೆ ತುಕಾರಾಮನ ಶೆಡ್ಡಿನ ಪ್ರಾರ್ಥನೆಗೆ ಹದಿನೈದು ಇಪ್ಪತ್ತು ಜನ ನುಗ್ಗಿ, ಮತಾಂತರ ನಡೆಯುತ್ತಿದೆ ಎಂದು ಗದ್ದಲ ಮಾಡಿದರಂತೆ. ವಿಡಿಯೊ ತೆಗೆದರಂತೆ. ಜಯಘೋಷ ಕೂಗಿರಿ ಎಂದರಂತೆ. ತುಕಾರಾಮ ಅವರಿಗಿಂತ ಜೋರಾಗಿ ಕೂಗಿದನಂತೆ. ಆದರೂ ಪೊಲೀಸರು ಬಂದು ಅವನೊಬ್ಬನನ್ನು ಕರೆದೊಯ್ದಿದ್ದಾರೆ. ಆಮಿಷ ತೋರಿಸಿ ಜನ ಸೇರಿಸಿದ, ಧಾರ್ಮಿಕ ಭಾವನೆಗೆ ಧಕ್ಕೆ ತಂದ ಎಂದು ದೂರು.

"ಆಮಿಷ ಏನಂತ, ಅಪ್ಪಾ?"

"ಚಾ, ಬಿಸ್ಕೀಟು."

ಘಟನೆ ವಿಷಾದನೀಯ. ಇಪ್ಪತ್ತಾರರ ಆರಾಧನೆಯ ಅಗತ್ಯವನ್ನೇ ಇದು ಸಾಬೀತುಪಡಿಸುತ್ತದೆ: ನಮ್ಮ ಬಗ್ಗೆ ಇರುವ ಅಜ್ಞಾನ ನೀಗಬೇಕು. ಆ ಜನಕ್ಕೆ ಅಲ್ಲಿ ಪ್ರಾರ್ಥನೆ ಇದೆಯೆಂದು ಹೇಗೆ ತಿಳಿಯಿತೋ. ಕಟ್ಟಡದ ಕೆಲಸಗಾರರಲ್ಲೇ ಯಾರಾದರೂ ಹೇಳಿರಬೇಕು.

ಜನವರಿ 10, ಶುಕ್ರವಾರ

ಓದಲಾಗಲಿಲ್ಲ. ಮೆಸ್ಸಿನ ಪೋಹೆಯಲ್ಲಿ ಉಪ್ಪು ಹೆಚ್ಚು.

ಜನವರಿ 12, ಭಾನುವಾರ. ಛತ್ರಪತಿ ಸಂಭಾಜಿನಗರ

ವಿಡಿಯೊ ನನಗೂ ಬಂತು. ನಮ್ಮ ಯುವಜನ ಗುಂಪಿನಲ್ಲೇ ಯಾರೋ ಹಾಕಿದ್ದಾರೆ. ಎರಡು ನಿಮಿಷ ನಲವತ್ತು ಸೆಕೆಂಡು. ಕಮಲಾಬಾಯಿ ಒಲೆಯ ಮುಂದೆ ಪಾತ್ರೆ ಹಿಡಿದು ನಿಂತಿದ್ದಾಳೆ. ತುಕಾರಾಮ ಕೈಮುಗಿದಿದ್ದಾನೆ. ಒಬ್ಬ ಅವನ ಅಂಗಿಯ ಕಾಲರು ಹಿಡಿದು ಕ್ಯಾಮೆರಾದ ಕಡೆ ತಿರುಗಿಸುತ್ತಾನೆ. ಶುರುವಿನಲ್ಲಿ, ಇನ್ನೂ ಹೊರಗಿರುವಾಗ, ಯಾರೋ ಫೋನು ನೋಡುತ್ತ ಮರಾಠಿಯಲ್ಲಿ "ಲಿಫ್ಟಿನ ಹಿಂದೆ... ಎರಡನೆಯ ಮನೆ" ಎನ್ನುತ್ತಾನೆ. ಧ್ವನಿ ಸ್ಪಷ್ಟವಿಲ್ಲ.

ತುಕಾರಾಮನಿಗೆ ಜಾಮೀನು ಸಿಕ್ಕಿಲ್ಲ. ಅವನು ನಮ್ಮ ಸಭೆಯ ಸದಸ್ಯನೆಂದು ಒಂದು ಪತ್ರ ಕೊಟ್ಟರೆ ಸಾಕಲ್ಲವೇ ಎಂದು ಅಪ್ಪನನ್ನು ಕೇಳಿದೆ. ಹುಟ್ಟಾ ಕ್ರೈಸ್ತರು ತಮ್ಮ ಮನೆಯಲ್ಲಿ ಪ್ರಾರ್ಥಿಸಿದರೆ ಮತಾಂತರ ಎಲ್ಲಿಂದ ಬಂತು? ಅಪ್ಪ, "ಅವರ ಹೆಸರು ಸದಸ್ಯರ ಪಟ್ಟಿಯೊಳಗ ಇಲ್ಲವಾ. ಹಿಂದಿನ ಸಭೆಯಿಂದ ವರ್ಗಾವಣೆ ಪತ್ರ ತಂದಿಲ್ಲ" ಎಂದರು. ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗುವವರು ಆ ಪತ್ರ ತರಬೇಕು, ಮಂಡಳಿ ಅದನ್ನು ಓದಿ ಹೆಸರು ಸೇರಿಸಬೇಕು, ನಿಯಮ ಹಾಗಿದೆ. ನಿಯಮವನ್ನು ನಾನು ಗೌರವಿಸುತ್ತೇನೆ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಗೋದಾವರಿ ಎಳ್ಳುಂಡೆ ಕೊಟ್ಟಳು. ಕೊಡುತ್ತ ನನ್ನ ಫೋನಿನಲ್ಲಿದ್ದ ವಿಡಿಯೊ ನೋಡಿದಳು. ನಾನು ಅದನ್ನು ಮತ್ತೆ ತೆರೆದಿಟ್ಟಿದ್ದೆ.

"ಅವನು ಫೋನಿನಲ್ಲಿ ಏನು ಓದುತ್ತಿದ್ದಾನೆ?"

"ನನಗೆ ಗೊತ್ತಿಲ್ಲ."

"ಬಾಪ್ರೇ, ಟಾಪರಿಗೆ ಗೊತ್ತಿಲ್ಲದ್ದೂ ಇದೆ!"

ಅವಳಿಗೆ ವಿವರಿಸಬೇಕಾಗಿ ಬಂತು. ಯಾವುದೇ ಸಮುದಾಯ ತನ್ನ ಚಟುವಟಿಕೆಗಳನ್ನು ಮುಕ್ತವಾಗಿ ಪ್ರಕಟಿಸುವುದು ಅದರ ಆತ್ಮವಿಶ್ವಾಸದ ಲಕ್ಷಣ. ಪ್ರಕಟಿಸಿದ ಮಾಹಿತಿಯನ್ನು ಮೂರನೆಯವನೊಬ್ಬ ದುರುಪಯೋಗ ಮಾಡಿದರೆ ಅದರ ಹೊಣೆ ಪ್ರಕಟಿಸಿದವರದಲ್ಲ. ಬಾಗಿಲಿಗೆ ಸಂಖ್ಯೆ ಬರೆದದ್ದಕ್ಕೆ ಕಳ್ಳತನದ ಹೊಣೆಯನ್ನು ಬಣ್ಣದವನ ಮೇಲೆ ಹೊರಿಸಲಾಗುವುದಿಲ್ಲ. ಅರ್ಧ ಗಂಟೆ ಮಾತಾಡಿದೆ. ಅವಳು ಎಳ್ಳಿನ ಡಬ್ಬಿಯ ಮುಚ್ಚಳ ಹಾಕುತ್ತ, "ನಾನು ನಿನ್ನ ಬಗ್ಗೆ ಏನೂ ಕೇಳಲೇ ಇಲ್ಲವಲ್ಲ" ಎಂದಳು.

ಜನವರಿ 15, ಬುಧವಾರ

ನಾಲ್ಕರ ಸಭಾಪತ್ರಿಕೆಯನ್ನು ತೆರೆದು ನೋಡಿದೆ. 'ಲಿಫ್ಟಿನ ಹಿಂದೆ, ಎರಡನೆಯ ಮನೆ.' ಮರಾಠಿ ಅನುವಾದದಲ್ಲಿ ಒಂದೂ ದೋಷವಿಲ್ಲ.

ಜನವರಿ 18, ಶನಿವಾರ. ನಾಸಿಕ್ ರೋಡ್

ಎರಡು ತರಗತಿಗಳನ್ನು ತಪ್ಪಿಸಿ ಮನೆಗೆ ಬಂದೆ. ತರಗತಿ ತಪ್ಪಿಸಿದ್ದು ಇದೇ ಮೊದಲು. ಶೆಡ್ಡಿಗೆ ಹೋದೆ. ನಕ್ಷೆಯ ಕೊಂಡಿ ಸರಿಯಾಗಿಯೇ ಕರೆದೊಯ್ಯಿತು.

ಕಮಲಾಬಾಯಿ ಸಿಮೆಂಟಿನ ಖಾಲಿ ಚೀಲಗಳನ್ನು ಕೊಡವಿ ಮಡಚುತ್ತಿದ್ದಳು. ನನ್ನನ್ನು ಕಂಡು ಗೋಣಿ ಹಾಸಿದಳು. ಏನು ಹೇಳಬೇಕೆಂದು ರೈಲಿನಲ್ಲಿ ಕ್ರಮವಾಗಿ ಜೋಡಿಸಿಕೊಂಡು ಬಂದಿದ್ದೆ. ಆ ಕ್ರಮವನ್ನು ಬಿಟ್ಟು ಇಷ್ಟೇ ಅಂದೆ.

"ಪತ್ರಿಕೆಯಲ್ಲಿ ವಿಳಾಸ ಹಾಕಿದ್ದು ನಾನು, ಕಮಲಾಬಾಯಿ. ಅದನ್ನು ಎಲ್ಲರಿಗೂ ಕಳಿಸಿದ್ದೂ ನಾನೇ."

"ಗೊತ್ತದರಿ ಅಕ್ಕೋರ. ಆ ಮಂದಿ ಒಳಗ ಬಂದು ಅದನ್ನೇ ತೋರಸಿ ಕೇಳಿದರು, ಇದು ನಿಮ್ಮದೇ ಹೌದಿಲ್ಲ ಅಂತ. ಇಂವ ಹೌದಂದ." ಚೀಲವೊಂದನ್ನು ಮಡಚಿ ಇಟ್ಟಳು. "ಅಷ್ಟ್ ಛಂದ ಛಾಪ್ಸೀರಿ ನಮ್ಮ ಹೆಸರು. ಅಂವಗ ಬಾಳ ಖುಷಿ ಆಗಿತ್ತು. ಸೈಟಿನ್ಯಾಗ ಎಲ್ಲರಿಗಿ ತೋರಸ್ಯಾನ."

ಅವಳು ಬೈಯಲೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುವ ಅವಕಾಶವಿತ್ತು.

"ಸಭಾದಿಂದ ಒಂದು ಚೀಟಿ ಕೊಡಸ್ರಿ. ಇವರು ನಮ್ಮವರು ಅಂತ. ವಕೀಲರು ಅದೊಂದೇ ಕೇಳ್ತಾರ. ಮೊದಲ ಸರ್ತಿ ಕೋರ್ಟಿನ್ಯಾಗ ದೂರು ಕೊಟ್ಟವರು ಹೇಳ್ಯಾರಂತ, ಇವರಿಗಿ ಚರ್ಚಿನವರೇ ಗುರ್ತ ಹಿಡ್ಯಂಗಿಲ್ಲ ಅಂತ."

"ವರ್ಗಾವಣೆ ಪತ್ರ ಇಲ್ಲವಂತಲ್ಲ, ನಿಮ್ಮದು."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಔರಂಗಾಬಾದಿನ ಸಭಾದಿಂದ ತಂದು ನಿಮ್ಮ ಅಪ್ಪಾರ ಕೈಯಾಗೇ ಕೊಟ್ಟೀವಲ್ರಿ. ನೀಲಿ ಪಾಕೀಟು. ನಾಲ್ಕ ವರ್ಷ ಆಯ್ತು."

ಊಟದ ಹೊತ್ತಿಗೆ ಅಪ್ಪನನ್ನು ಕೇಳಿದೆ. "ನೆನಪಿಲ್ಲವಾ" ಎಂದರು. ಅಪ್ಪನಿಗೆ ಪ್ರೆಸ್ಸಿನ ಮೂವತ್ತೊಂದು ವರ್ಷದ ಶಿಫ್ಟುಗಳು ತಾರೀಖು ಸಮೇತ ನೆನಪಿವೆ.

ಜನವರಿ 20, ಸೋಮವಾರ. ಛತ್ರಪತಿ ಸಂಭಾಜಿನಗರ

ಇಲ್ಲಿಯ ದಂಡು ಪ್ರದೇಶದ ಹಳೆಯ ಮರಾಠಿ ಸಭೆಗೆ ಹೋದೆ. ಕಮಲಾಬಾಯಿ ಔರಂಗಾಬಾದು ಎಂದದ್ದು ಈ ಊರಿನ ಹಳೆಯ ಹೆಸರು. ತುಕಾರಾಮ ಈ ಊರಿನಲ್ಲಿ ಕೆಲಸಕ್ಕಿದ್ದಾಗ ಅಲ್ಲಿಗೆ ಹೋಗುತ್ತಿದ್ದನಂತೆ. ಅಲ್ಲಿಯ ವೃದ್ಧ ಸಭಾಪಾಲಕರು ಕಪಾಟು ತೆರೆದು ಪತ್ರಗಳ ಪುಸ್ತಕವನ್ನು ತೆಗೆದರು. ವರ್ಗಾವಣೆ ಪತ್ರ ಹರಿದು ಕೊಡುವಾಗ ಅರ್ಧ ಭಾಗ ಪುಸ್ತಕದಲ್ಲೇ ಉಳಿಯುತ್ತದೆ. ಹನ್ನೆರಡು ಮಾರ್ಚ್ 2021. ತುಕಾರಾಮ, ಹೆಂಡತಿ ಕಮಲಾಬಾಯಿ. ಇಬ್ಬರದೂ ಬಾಲ್ಯದ ದೀಕ್ಷಾಸ್ನಾನ, ಹುಮನಾಬಾದು. ಯಾರಿಗೆ: ಕಾರ್ಯದರ್ಶಿ, ಕನ್ನಡ ಸಭೆ, ನಾಸಿಕ್ ರೋಡ್. ಅದರ ಹಿಂದೆ ಪತ್ರ ತಲುಪಿದೆಯೆಂಬ ಒಂದು ಸಾಲಿನ ಉತ್ತರವನ್ನು ಅಂಟಿಸಿದ್ದಾರೆ. ಸಹಿ ಅಪ್ಪನದು.

ಸಭಾಪಾಲಕರು ಎರಡೂ ಬದಿಯ ಪ್ರತಿ ತೆಗೆಸಿ ಮೊಹರು ಒತ್ತಿ ಕೊಟ್ಟರು. "ಮಗಳೇ, ಮನುಷ್ಯ ಹೇಗಿದ್ದಾನೆ?" ಎಂದು ಕೇಳಿದರು. ಚೆನ್ನಾಗಿದ್ದಾನೆ ಎಂದೆ. ಏಕೆ ಹಾಗೆಂದೆನೋ.

ಜನವರಿ 22, ಬುಧವಾರ. ನಾಸಿಕ್ ರೋಡ್

ಪ್ರತಿಯನ್ನು ಅಪ್ಪನ ಮುಂದಿಟ್ಟೆ. ಅವರು ತಮ್ಮ ಸಹಿಯ ಮೇಲೆ ಬೆರಳಿಟ್ಟರು.

"ಸೈಟಿನ ಮಂದಿ, ರುಚಿ. ಎರಡು ವರ್ಷ ಇರ್ತಾರ, ಹೋಗ್ತಾರ. ಎಲ್ಲಾರನ್ನೂ ಪಟ್ಟಿಯೊಳಗ ಹಾಕಿದ್ರ, ನಾಳೆ ವೋಟಿಗೆ ನಿಂತು ಇವರೇ ಮಂಡಳ್ಯಾಗ ಕುಂದ್ರತಾರ ಅಂತ ಒಬ್ಬರು ಅಂದರು. ನಾನು ಸುಮ್ಮನಾದೆ. ಪಾಕೀಟು ಕಪಾಟಿನ್ಯಾಗ ಇಟ್ಟೆ."

"ಈಗ ತೆಗೆದು ಪತ್ರ ಕೊಡಿ."

"ಇಪ್ಪತ್ತಾರು ಆಗ್ಲಿ."

"ಏಕೆ?"

"ನಿನಗ ತಿಳಿಯಂಗಿಲ್ಲ!" ಅಪ್ಪ ಧ್ವನಿ ಏರಿಸಿದರು, ಅಡುಗೆಮನೆಯಲ್ಲಿ ಅಮ್ಮನ ಕೈ ನಿಂತಿತು. "ಮೂವತ್ತೊಂದು ವರ್ಷ ಆತು ನಾ ಇಲ್ಲಿ ದುಡಿಯಾಕ ಹತ್ತಿ. ಇವತ್ತಿಗೂ ಕ್ಯಾಂಟೀನಿನ್ಯಾಗ ಒಬ್ಬ ಚ್ಯಾಷ್ಟಿ ಮಾಡ್ತಾನ, 'ಸಾಹೇಬ್ರ, ಕ್ರಿಸ್ಮಸ್ಸಿಗೆ ನಿಮ್ಮ ದೇಶಕ್ಕ ಹೋಗಂಗಿಲ್ಲೇನು?' ಅಂತ. ನಾ ನಗತೀನಿ. ಮೂವತ್ತೊಂದು ವರ್ಷ ನಕ್ಕೀನಿ. ಒಂದು ದಿನ, ಒಂದೇ ದಿನ, ಎಲ್ಲಾರೂ ಬಂದು ನೋಡ್ಲಿ ಅಂತ ಮಾಡೀನಿ. 'ನಾವು ಈ ನೆಲಕ್ಕೆ ಸಲ್ಲುವವರು' ಅಂತ ನೀನ ಬರದೀಯಲ್ಲ, ಅದನ್ನ ಓದಿ ನಾ ಅತ್ತೀನಿ, ಗೊತ್ತೈತೇನು?"

ಗೊತ್ತಿರಲಿಲ್ಲ.

ಜನವರಿ 23, ಗುರುವಾರ. ನಾಸಿಕ್ ರೋಡ್

ಕಮಲಾಬಾಯಿಯ ಜೊತೆ ವಕೀಲರನ್ನು ಕಂಡೆ. ಉಚಿತ ಕಾನೂನು ನೆರವಿನಿಂದ ಸಿಕ್ಕವರು, ಹೆಸರು ಮಹಿಬೂಬ, ಅವರ ತಂದೆ ರಸ್ತೆ ಕೆಲಸಕ್ಕೆಂದು ವಿಜಯಪುರ ಜಿಲ್ಲೆಯ ಇಂಡಿಯಿಂದ ಬಂದವರಂತೆ, ಹೀಗಾಗಿ ಕನ್ನಡ ಬರುತ್ತದೆ. ಪತ್ರದ ಪ್ರತಿಯನ್ನು ಬೆಳಕಿಗೆ ಹಿಡಿದು ಓದಿ, "ಭಾರಿ ಕೆಲಸಾ ಮಾಡಿದ್ರಿ ಮೇಡಂ. ಕೋರ್ಟಿಗೆ ದೇವರು ನಡ್ಯಂಗಿಲ್ಲ, ಕಾಗದ ಬೇಕು" ಎಂದರು. ಸೋಮವಾರ ವಿಚಾರಣೆ.

ಸಭಾಪತ್ರಿಕೆಯನ್ನೂ ಕೊಟ್ಟೆ. ಗುಟ್ಟಾಗಿ ಸೇರುವವರು ಮೂರು ಭಾಷೆಗಳಲ್ಲಿ ನಕ್ಷೆ ಸಮೇತ ಪ್ರಕಟಿಸುತ್ತಾರೆಯೇ? ಅದನ್ನು ರಚಿಸಿದವಳೂ ಉತ್ಕರ್ಷಭಾವು ಅವರಿಗೆ ಕಳಿಸಿದವಳೂ ನಾನೇ ಎಂದು ಬರೆದು ಸಹಿ ಹಾಕಿದೆ.

"ನಿಮ್ಮ ಹೆಸರು ಕೇಸಿನ್ಯಾಗ ಬರ್ತೈತಿ. ಓದೋ ಹುಡುಗಿ ಅದೀರಿ."

"ಬರಲಿ."

ಹೊರಡುವಾಗ ಅವರು ಮೆಟ್ಟಿಲ ಬಳಿ ತಡೆದು, "ಸೋಮವಾರದ ತನಕ ನಿಮ್ಮ ಚರ್ಚಿನವರು ಇವನ ವಿರುದ್ಧ ಒಂದ ಮಾತೂ ಆಡಬಾರದು ನೋಡ್ರಿ. ಆಡಿದ್ರ ಈ ಕಾಗದ ರದ್ದಿ" ಎಂದರು.

ಜನವರಿ 24, ಶುಕ್ರವಾರ. ನಾಸಿಕ್ ರೋಡ್

ಉತ್ಕರ್ಷಭಾವು ಮನೆಗೆ ಬಂದಿದ್ದರು. ಬಹಳ ಸೌಜನ್ಯದಿಂದ ಮಾತಾಡಿದರು. ದೂರು ಕೊಟ್ಟ ಹುಡುಗರು ಅವರ ಪರಿಚಯದವರೇ ಅಂತೆ. ಅವರು ಹೇಳಿದರೆ ಪಟ್ಟು ಸಡಿಲಿಸುತ್ತಾರಂತೆ. ನಾಳೆ ಸಂಜೆಯೊಳಗೆ ತುಕಾರಾಮ ಹೊರಗೆ ಬರುವ ಹಾಗೆ ನೋಡಿಕೊಳ್ಳುತ್ತಾರಂತೆ. ಬದಲಿಗೆ ಪ್ರತಿಜ್ಞೆಯಲ್ಲಿ ಒಂದು ವಾಕ್ಯ ಸೇರಬೇಕು. ಭಾನುವಾರ ಅವರ ಪುಟದಲ್ಲಿ ನೇರಪ್ರಸಾರವಿದೆ. ವಾರ್ಡಿನ ಜನಕ್ಕೆ ಸಮಾಧಾನವಾಗುತ್ತದೆ.

ಮಂಡಳಿ ಸಂಜೆಯೇ ಕೂಡಿ ಸೇರಿಸಿತು. ಜಯಶೀಲ ಅಯ್ಯನವರೊಬ್ಬರೇ ಬೇಡವೆಂದರು. ಐದನೆಯ ವಾಕ್ಯ: 'ಸಭೆಯ ಹೊರಗೆ ಶೆಡ್ಡುಗಳಲ್ಲಿ ಪ್ರಾರ್ಥನೆಯ ಹೆಸರಿನಲ್ಲಿ ಸೇರುವವರು ನಮ್ಮವರಲ್ಲ, ಅವರೊಡನೆ ನಮಗೆ ಯಾವ ಸಂಬಂಧವೂ ಇಲ್ಲ.'

ಅಪ್ಪ ನನ್ನ ಮೇಜಿನ ಬಳಿ ನಿಂತು ಹೇಳಿದರು: "ಒಂದು ವಾಕ್ಯ ಓದಿದ್ರ ಮನಶ್ಯಾ ಹೊರಗ ಬರ್ತಾನ. ಗೋಡಿನೂ ಆಗ್ತೈತಿ. ಓದದಿದ್ರ ಸೋಮವಾರ ಏನಾಗ್ತೈತಿ, ನಿನಗ ಖಾತ್ರಿ ಐತೇನು?"

ಖಾತ್ರಿಯಿಲ್ಲ. ಆ ವಾಕ್ಯವನ್ನು ಯಾರಿಗೂ ನೋವಾಗದಂತೆ ತಿದ್ದಲು ಕುಳಿತೆ. 'ಅನಧಿಕೃತವಾಗಿ' ಎಂದು ಸೇರಿಸಿದೆ, ತೆಗೆದೆ. 'ನಮ್ಮವರಲ್ಲ' ಎಂಬುದನ್ನು 'ನಮ್ಮ ಆಡಳಿತಕ್ಕೆ ಒಳಪಟ್ಟವರಲ್ಲ' ಎಂದು ಮಾಡಿದೆ. ಹನ್ನೊಂದು ಬಾರಿ ಬರೆದೆ. ಹನ್ನೊಂದನೆಯದು ವ್ಯಾಕರಣದ ದೃಷ್ಟಿಯಿಂದ ಅತ್ಯುತ್ತಮವಾಗಿದೆ. ಅದರಲ್ಲೂ ತುಕಾರಾಮ ಹೊರಗೇ ಇದ್ದಾನೆ.

ಜನವರಿ 25, ಶನಿವಾರ. ನಾಸಿಕ್ ರೋಡ್

ಕೇಳಬೇಕಾದವರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬೆಳಿಗ್ಗೆ ಕಮಲಾಬಾಯಿಯನ್ನು ಹುಡುಕಿಕೊಂಡು ಹೋದೆ. ಶೆಡ್ಡಿನಲ್ಲಿರಲಿಲ್ಲ, ಸ್ಮಶಾನಕ್ಕೆ ಹೋಗಿದ್ದಾಳೆ ಎಂದರು. ಕುಸಿದ ಗೋಡೆಯ ಕಲ್ಲುಗಳನ್ನು ಯಾರೋ ಸಾಲಾಗಿ ಒಟ್ಟಿದ್ದಾರೆ, ದೊಡ್ಡವು ಕೆಳಗೆ, ಚಿಕ್ಕವು ಮೇಲೆ. ಅದರಾಚೆ ಹೆಸರಿಲ್ಲದ, ಮೊಳದುದ್ದದ ಒಂದು ದಿಬ್ಬದ ಮೇಲಿಂದ ಅವಳು ಕಸ ಹೆಕ್ಕುತ್ತಿದ್ದಳು. ಕಳೆದ ಜುಲೈಯಲ್ಲಿ ಅವರ ಕೂಸು ತೀರಿಕೊಂಡಿತ್ತು. ಮಣ್ಣು ಮಾಡಿದ ದಿನ ನಾನು ಊರಿನಲ್ಲಿರಲಿಲ್ಲ. ಇದ್ದಿದ್ದರೂ ಹೋಗುತ್ತಿದ್ದೆನೆಂದು ಹೇಳಲಾರೆ.

ಎಲ್ಲವನ್ನೂ ಹೇಳಿದೆ: ಓದುತ್ತೇನೆಂದು ಒಪ್ಪಿದರೆ ಇವತ್ತು ಸಂಜೆ ಬರಬಹುದು, ಓದದಿದ್ದರೆ ಸೋಮವಾರ, ಅದೂ ಖಾತ್ರಿಯಿಲ್ಲ. ಐದನೆಯ ವಾಕ್ಯವನ್ನು ಓದಿ ಹೇಳಿದೆ. ಮಂಡಳಿಯದನ್ನು, ನನ್ನ ಹನ್ನೊಂದನೆಯದನ್ನಲ್ಲ.

"ಇನ್ನೊಮ್ಮಿ ಓದ್ರಿ."

ಓದಿದೆ. ಅವಳು ಕೈ ಕೊಡವಿ ಎದ್ದು ನಿಂತಳು.

"ಈ ಕಲ್ಲು ಹೊಂದಸಿಟ್ಟಾಂವ ಅಂವನೇರಿ. ಸೂಟಿ ಇದ್ದಾಗ ಬಂದು ಬಂದು ಒಟ್ಟ್ಯಾನ. ಪರ್ಮಿಶನ್ ಬಂದಮ್ಯಾಲ ನಾನೇ ಕಟ್ತೀನಿ, ಕೂಲಿ ಬ್ಯಾಡ ಅಂತಿದ್ದ." ದಿಬ್ಬದ ಕಡೆ ನೋಡಿದಳು. "ಗೋಡಿ ಕಟ್ಟಿ ನಮ್ಮ ಕೂಸಿಗಿ ಒಳಗ ಇಟ್ಕೊಂಡು, ನಮಗ ಹೊರಗ ನಿಂದ್ರಸ್ತೀರೇನ್ರಿ ಅಕ್ಕೋರ?"

ನಾನು ಹಾಳೆಯನ್ನು ಮಡಚಿದೆ.

"ನಿನ್ನಿ ಜೇಲಿಗಿ ಭೆಟ್ಟಿಗಿ ಹೋಗಿದ್ದೆ. ವಕೀಲರು ಸೋಮಾರ ಅಂದಾರಂತ ಹೇಳಿದ್ದಕ್ಕ, ಇರ್ತೀನಿ ತಗೋ ಅಂದ. ಇಲ್ಲಿ ಮೂರು ಹೊತ್ತು ಬಿಸಿ ಊಟ, ನೀ ಮಾಡೋದಕ್ಕಿಂತ ಛಲೋ ಅದ ಅಂದ." ಅವಳು ನಕ್ಕಳು, ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವು ಓದಬ್ಯಾಡ್ರಿ."

ನಾನೂ ಬಗ್ಗಿ ಕಸ ಹೆಕ್ಕಿದೆ. ಹುಲ್ಲಿನ ಬೇರು ಗಟ್ಟಿ. ಉಗುರಿನಲ್ಲಿ ಇನ್ನೂ ಮಣ್ಣಿದೆ. ಈ ಪುಟದ ಅಂಚಿಗೂ ತಗಲಿದೆ.

ಸಂಜೆ ಸಭೆಯಲ್ಲಿ ಪೂರ್ವತಯಾರಿ. ಧ್ವಜವನ್ನು ವೇದಿಯ ಬಲಕ್ಕೆ ನಿಲ್ಲಿಸಿದ್ದಾರೆ. ನಾನು ಬಯಸಿದ ಜಾಗದಲ್ಲೇ. ಚೆಂಡುಹೂವಿನ ಮಾಲೆ, ಕ್ಯಾಮೆರಾದವರ ಹಲಗೆ, ಮುಂದಿನ ಸಾಲಿನಲ್ಲಿ ಅತಿಥಿಗೆ ಸೋಫಾ. ಕೊನೆಯ ಬೆಂಚನ್ನು ಜಾಗಕ್ಕಾಗಿ ಹೊರಗೆ ಹಾಕಿದ್ದಾರೆ. ನಾನು ಒಬ್ಬಳೇ ಆ ಬೆಂಚನ್ನು ಒಂದು ತುದಿಯಿಂದ ಎಳೆಯತೊಡಗಿದೆ. ಜಯಶೀಲ ಅಯ್ಯನವರು ಬಂದು ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಒಳಗೆ ತಂದು ಇಟ್ಟೆವು. ಅವರ ದರ್ಜೆಯ ಬಗ್ಗೆ ನಾನು ಬರೆದದ್ದನ್ನು ಹೊಡೆದುಹಾಕಬೇಕು.

ಜನವರಿ 26, ಭಾನುವಾರ. ನಾಸಿಕ್ ರೋಡ್

ಬೆಳಿಗ್ಗೆ ಆರೂವರೆ. ಆರಾಧನೆ ಎಂಟೂವರೆಗೆ. ಅಮ್ಮ ಬಿಳಿ ಸೀರೆಗೆ ಇಸ್ತ್ರಿ ಮಾಡಿ ಇಟ್ಟಿದ್ದಾರೆ. ತುಕಾರಾಮ ನಿನ್ನೆ ಸಂಜೆ ಬರಲಿಲ್ಲ. ಅಪ್ಪ ಹೊರಗಿನ ಕೋಣೆಯಲ್ಲಿ ಸ್ವಾಗತ ಭಾಷಣವನ್ನು ಮರಾಠಿಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ಒಂದೇ ಕಡೆ ಮತ್ತೆ ಮತ್ತೆ ತಡವರಿಸುತ್ತಿದ್ದಾರೆ. ಸಾಮಾನ್ಯವಾಗಿ ನಾನು ಹೋಗಿ ತಿದ್ದುತ್ತೇನೆ.

ಆರಾಧನಾ ಕ್ರಮದಲ್ಲಿ ಬದಲಾವಣೆ ಇದ್ದರೆ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂಬುದು ಮಂಡಳಿಯ ನಿಯಮ. ಅದರಂತೆ ಬರೆದು ಅಪ್ಪನ ಚಹಾದ ಬಟ್ಟಲಿನ ಕೆಳಗೆ ಇಡುತ್ತಿದ್ದೇನೆ. ನಕಲು ಇಲ್ಲಿ:

ಸಭಾ ಕಾರ್ಯದರ್ಶಿಯವರಿಗೆ,

ಇಂದಿನ ಆರಾಧನೆಯಲ್ಲಿ ನಿಷ್ಠಾ ಪ್ರತಿಜ್ಞೆಯನ್ನು ನಾನು ಓದುವುದಿಲ್ಲ.